ಪ್ರಶ್ನೆಗಳ ದಫ್ತರ: ಒಂದು ದತ್ತಾಂಶಕೋಶದ ಕ್ವೆರಿ ಲಾಗ್ ಚಾರಿತ್ರಿಕ ಆಕರವಾಗಿ

ಇತಿಹಾಸದ ಆಕರಗಳೆಂದು ನಾವು ಬಳಸುವ ಸಾಮಗ್ರಿಯಲ್ಲಿ ಬಹುಭಾಗವು ಉತ್ತರಗಳ ರೂಪದ್ದು. ಶಾಸನವು ದತ್ತಿಯನ್ನು ಹೇಳುತ್ತದೆ. ಕಡತವು ಕಂದಾಯದ ಮೊತ್ತವನ್ನು ಹೇಳುತ್ತದೆ. ಕೈಫಿಯತ್ತು ಊರಿನ ಪೂರ್ವೋತ್ತರವನ್ನು ಹೇಳುತ್ತದೆ. ಯಾರು, ಯಾವ ಉದ್ದೇಶದಿಂದ, ಏನನ್ನು ಕೇಳಿದ್ದಕ್ಕೆ ಈ ಉತ್ತರ ಬಂದಿತೆಂಬ ಸಂಗತಿಯಾದರೋ ಸಾಮಾನ್ಯವಾಗಿ ನಮಗೆ ಉಳಿದುಬಂದಿಲ್ಲ. ಎಲ್ಲಿ ಅದು ಉಳಿದಿದೆಯೋ ಅಲ್ಲಿ ಆಕರದ ಬೆಲೆ ಇಮ್ಮಡಿಯಾಗುತ್ತದೆ. 1800-01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥವನ್ನು (1807) ಓದುವಾಗ, ಬೇಸಾಯ, ದನಕರು, ವಾಣಿಜ್ಯದ ಬೆಳೆಗಳು ಮೊದಲಾದ ವಿಷಯಗಳನ್ನು ವಿಚಾರಿಸಿಕೊಂಡು ಬರಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಸೂಚನೆ ಕೊಟ್ಟಿದ್ದನೆಂಬುದನ್ನು ನಾವು ಮರೆಯಲಾಗದು. ಕೇಳಿದ ಪ್ರಶ್ನೆ ತಿಳಿದಿರುವುದರಿಂದಲೇ, ಆ ಗ್ರಂಥವು ಯಾವುದನ್ನು ವಿಸ್ತಾರವಾಗಿ ಹೇಳಿದೆ, ಯಾವುದರ ಬಗೆಗೆ ಮೌನವಾಗಿದೆ ಎಂಬುದಕ್ಕೆ ಕಾರಣವನ್ನು ಹುಡುಕುವುದು ಸಾಧ್ಯವಾಗುತ್ತದೆ.

ಪ್ರಶ್ನೆಗಳನ್ನೇ, ಕೇವಲ ಪ್ರಶ್ನೆಗಳನ್ನೇ, ಕೇಳಿದ ಕ್ಷಣದೊಡನೆ ಬರೆದಿಟ್ಟುಕೊಳ್ಳುವ ಒಂದು ಬಗೆಯ ದಾಖಲೆ ನಮ್ಮ ಕಾಲದಲ್ಲಿ ಹುಟ್ಟಿದೆ. ಗಣಕಯಂತ್ರದಲ್ಲಿ ಕ್ರಮಬದ್ಧವಾಗಿ ಕೂಡಿಸಿಟ್ಟ ಮಾಹಿತಿಯ ಭಂಡಾರಕ್ಕೆ ದತ್ತಾಂಶಕೋಶ ಅಥವಾ ಡೇಟಾಬೇಸ್ ಎಂದು ಹೆಸರು. ಆ ಭಂಡಾರವನ್ನು ಕಾಯುತ್ತ, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವ ವ್ಯವಸ್ಥೆಯೇ ಸರ್ವರ್. ಅದಕ್ಕೆ ಕಳುಹಿಸುವ ಪ್ರಶ್ನೆ ಕ್ವೆರಿ ಎನಿಸುತ್ತದೆ. ಬಂದ ಪ್ರಶ್ನೆಗಳನ್ನೆಲ್ಲ ವೇಳೆಯೊಡನೆ ಸಾಲಾಗಿ ಬರೆದಿಡುವ ಕಡತವೇ ಕ್ವೆರಿ ಲಾಗ್. ಲಾಗ್ ಎಂಬ ಮಾತು ಹಡಗಿನವರದು. ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ಕಡಲಿಗೆ ಎಸೆದು, ಹಗ್ಗ ಹರಿದುಹೋದ ಉದ್ದದಿಂದ ಹಡಗಿನ ವೇಗವನ್ನು ಅಳೆಯುತ್ತಿದ್ದರು. ಆ ಅಳತೆಯನ್ನು ಬರೆದಿಡುವ ಪುಸ್ತಕಕ್ಕೂ ಮರದ ತುಂಡಿನ ಹೆಸರೇ ನಿಂತಿತು. ಪ್ರಸ್ತುತ ಪ್ರಬಂಧದಲ್ಲಿ ಇಂಥ ಒಂದು ಲಾಗನ್ನು ಆಯ್ದುಕೊಂಡು, ಇತಿಹಾಸಕಾರನು ಅದನ್ನು ಆಕರವೆಂದು ಎಷ್ಟರಮಟ್ಟಿಗೆ ನಂಬಬಹುದು, ಅದನ್ನು ಉಳಿಸಬೇಕೆಂದು ಕೇಳುವ ಅಧಿಕಾರ ಅವನಿಗೆ ಎಷ್ಟರಮಟ್ಟಿಗೆ ಇದೆ ಎಂಬ ಎರಡು ವಿಷಯಗಳನ್ನು ವಿಚಾರಮಾಡಲು ಯತ್ನಿಸಿದ್ದೇನೆ.

ಇಂಥ ದಾಖಲೆಗೆ ಪೂರ್ವಜರಿಲ್ಲವೆಂದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಗ್ರಂಥಾಲಯ ಸಂಘದ ಎರವಲು ಪುಸ್ತಕಗಳು 1773ರಿಂದ ಮೊದಲಾಗಿ ಉಳಿದುಬಂದಿವೆ. 1790ರ ದಶಕದಲ್ಲಿ ಕೋಲ್ರಿಜ್ ಮತ್ತು ಸೌದೆ ಕವಿಗಳು ಯಾವ ಗ್ರಂಥವನ್ನು ಯಾವ ದಿನ ಕೊಂಡೊಯ್ದರೆಂಬುದು ಅವುಗಳಿಂದ ತಿಳಿಯುತ್ತದೆ. ಎರವಲಿನ ಲೆಕ್ಕವನ್ನು ಬರೆದ ಗುಮಾಸ್ತನಿಗೆ ಪುಸ್ತಕ ಹಿಂದಿರುಗಿ ಬರಬೇಕೆಂಬುದಷ್ಟೇ ಚಿಂತೆಯಾಗಿದ್ದಿರಬೇಕು. ಮುಂದೆ ವಿಮರ್ಶಕರು ಕವಿಯ ಮನಸ್ಸಿನ ಬೆಳವಣಿಗೆಯನ್ನು ಹುಡುಕಿದ್ದು ಆ ಲೆಕ್ಕದಲ್ಲಿಯೇ.

ಗಣಕಯಂತ್ರದ ದತ್ತಾಂಶಕೋಶಗಳಲ್ಲಿ ಲಾಗ್ ಎಂಬುದು ಮೊದಲು ಬಂದದ್ದು ಬೇರೊಂದು ಅರ್ಥದಲ್ಲಿ. ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞನು 1970ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ಲೇಖನವು, ಮಾಹಿತಿಯನ್ನೆಲ್ಲ ಸರಳವಾದ ಕೋಷ್ಟಕಗಳಲ್ಲಿ ಇಟ್ಟು, ಬೇಕಾದುದೇನೆಂಬುದನ್ನು ಮಾತ್ರ ಹೇಳಿ ಪಡೆಯುವ ಮಾರ್ಗವನ್ನು ತೋರಿಸಿತು. ಅದೇ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಆ ದಶಕದಲ್ಲಿಯೇ ಸಿಸ್ಟಮ್ ಆರ್ ಎಂಬ ಪ್ರಾಯೋಗಿಕ ವ್ಯವಸ್ಥೆಯೂ, ಇಂದು ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಗಿರುವ ಪ್ರಶ್ನಭಾಷೆಯೂ ರೂಪುಗೊಂಡವು. ಅಲ್ಲಿ ದುಡಿದವರಲ್ಲಿ ಜಿಮ್ ಗ್ರೇ ಒಬ್ಬರು. ಒಂದು ಖಾತೆಯಿಂದ ಹಣ ತೆಗೆದು ಇನ್ನೊಂದಕ್ಕೆ ಜಮಾ ಮಾಡುವ ನಡುವೆ ವಿದ್ಯುತ್ತು ನಿಂತುಹೋದರೆ ಗತಿಯೇನು ಎಂಬುದು ಅವರು ಕೈಗೆತ್ತಿಕೊಂಡ ಸಮಸ್ಯೆಗಳಲ್ಲಿ ಮುಖ್ಯವಾದದ್ದು. ಬದಲಾವಣೆಯನ್ನು ಕೋಷ್ಟಕದಲ್ಲಿ ಮಾಡುವುದಕ್ಕೆ ಮುಂಚೆಯೇ ಲಾಗಿನಲ್ಲಿ ಬರೆದಿಡಬೇಕು. ಆಪತ್ತು ಬಂದರೆ ಲಾಗನ್ನು ಓದಿಕೊಂಡು ಕೋಷ್ಟಕವನ್ನು ಸರಿಪಡಿಸಬೇಕು. ಇದು ಆ ವಿದ್ಯೆಯ ಮೂಲಸೂತ್ರಗಳಲ್ಲಿ ಒಂದು. ಈ ಕ್ಷೇತ್ರದ ಸಾಧನೆಗಾಗಿ ಗ್ರೇ ಅವರಿಗೆ 1998ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಆದರೆ ಇದು ಬರೆಯುವವನ ಲಾಗ್, ಕೇಳುವವನದಲ್ಲ. ಓದಿಕೊಂಡು ಹೋದವನಿಂದ ಭಂಡಾರದಲ್ಲಿ ಏನೂ ಬದಲಾಗುವುದಿಲ್ಲ. ಆದ್ದರಿಂದ ಅವನ ಹೆಜ್ಜೆಯ ಗುರುತನ್ನು ಉಳಿಸಬೇಕಾದ ನಿರ್ಬಂಧವೂ ಇಲ್ಲ. ಬರೆದವನ ಲೆಕ್ಕ ಇಡದೆ ಇದ್ದರೆ ಹಣ ಹೋಗುತ್ತದೆ, ಕೇಳಿದವನ ಲೆಕ್ಕ ಇಡದೆ ಇದ್ದರೆ ಇತಿಹಾಸಕಾರನ ಹೊರತು ಯಾರಿಗೂ ನಷ್ಟವಿಲ್ಲ. ಪ್ರತಿಯೊಂದು ಪ್ರಶ್ನೆಯನ್ನೂ ಬರೆದಿಡಹೊರಟರೆ ಸರ್ವರಿನ ವೇಗ ಕುಂದುವುದಲ್ಲದೆ, ಕಡತವು ಬೆಳೆದು ಬೆಳೆದು ಜಾಗವನ್ನೆಲ್ಲ ನುಂಗುವ ಭಯವೂ ಉಂಟು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್ ವ್ಯವಸ್ಥೆಗಳಲ್ಲಿ ಎಲ್ಲ ಪ್ರಶ್ನೆಗಳನ್ನೂ ಬರೆದಿಡುವ ಏರ್ಪಾಟು ಇದ್ದರೂ, ನಿರ್ವಾಹಕನು ತಾನಾಗಿ ಅಪ್ಪಣೆ ಕೊಡುವವರೆಗೆ ಅದು ಕೆಲಸಮಾಡುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನವಾದ ಪ್ರಶ್ನೆಗಳಿಗಾಗಿಯೇ ಪ್ರತ್ಯೇಕವಾದ ಲಾಗ್ ಒಂದಿದೆ. ಬೇರೆ ಮಿತಿಯನ್ನು ಹೇಳದಿದ್ದರೆ ಅದು 10 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಹಿಡಿದವುಗಳನ್ನು ಮಾತ್ರ ದಾಖಲಿಸುತ್ತದೆ. ಎಂದರೆ, ಯಂತ್ರಕ್ಕೆ ತೊಂದರೆ ಕೊಟ್ಟ ಪ್ರಶ್ನೆಗೆ ಮಾತ್ರ ನೆನಪಿನಲ್ಲಿ ಸ್ಥಾನ. ನಮ್ಮ ಹಳೆಯ ಫೌಜುದಾರಿ ದಫ್ತರಗಳಲ್ಲಿ ಸಾಮಾನ್ಯ ರೈತನು ತಗಾದೆಗೆ ಸಿಕ್ಕಿದಾಗ ಮಾತ್ರ ಕಾಣಿಸಿಕೊಳ್ಳುವುದು ಇಲ್ಲಿ ಸಹಜವಾಗಿಯೇ ನೆನಪಾಗುತ್ತದೆ.

ಹೀಗಿರಲಾಗಿ, ಪ್ರಶ್ನೆಗಳನ್ನು ಸಮಗ್ರವಾಗಿ ಬರೆದಿಟ್ಟು, ಬರೆದಿಟ್ಟದ್ದನ್ನು ಲೋಕದ ಮುಂದೆ ತೆರೆದಿಟ್ಟ ಒಂದು ದತ್ತಾಂಶಕೋಶವು ವಿಶೇಷ ಗಮನಕ್ಕೆ ಅರ್ಹವಾದುದು. ಅಮೆರಿಕದ ನ್ಯೂ ಮೆಕ್ಸಿಕೊ ಸಂಸ್ಥಾನದ ಅಪಾಚೆ ಪಾಯಿಂಟ್ ಎಂಬ ಬೆಟ್ಟದ ಮೇಲೆ 2.5 ಮೀಟರ್ ವ್ಯಾಸದ ದೂರದರ್ಶಕವೊಂದಿದೆ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೇ ಎಂಬ ಹೆಸರಿನಲ್ಲಿ 2000ದಿಂದ ಅದು ಆಕಾಶದ ಮೋಜಣಿಯನ್ನು ನಡೆಸಿತು. ಮೋಜಣಿ ಎಂಬ ನಮ್ಮ ಕಂದಾಯ ಇಲಾಖೆಯ ಮಾತೇ ಇದಕ್ಕೆ ಒಪ್ಪುತ್ತದೆ. ನಕ್ಷತ್ರ, ಗೆಲಕ್ಸಿ, ಕ್ವೇಸಾರುಗಳ ಸ್ಥಾನ, ಬಣ್ಣ, ಕಾಂತಿಗಳನ್ನು ಕೋಷ್ಟಕಗಳಲ್ಲಿ ಇಳಿಸಿ, 2001ರ ಜೂನ್ ತಿಂಗಳಲ್ಲಿ ಸ್ಕೈಸರ್ವರ್ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ಒದಗಿಸಲಾಯಿತು. ಇದರ ಹಿಂದೆ ಇದ್ದವರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಖಗೋಳವಿಜ್ಞಾನಿ ಅಲೆಕ್ಸಾಂಡರ್ ಸಾಲಾಯ್, ಮತ್ತು ಆ ವೇಳೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧನ ವಿಭಾಗಕ್ಕೆ ಸೇರಿದ್ದ ಗ್ರೇ ಪ್ರಮುಖರು.

ಈ ಕೋಶವು ಪ್ರಶ್ನೆಗಳಿಂದಲೇ ಹುಟ್ಟಿತೆಂದರೆ ತಪ್ಪಾಗದು. ಭಂಡಾರವನ್ನು ಕಟ್ಟುವುದಕ್ಕೆ ಮುಂಚೆ, ಖಗೋಳವಿಜ್ಞಾನಿಗಳು ಅದರಿಂದ ತಿಳಿಯಬಯಸುವ 20 ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ಅವುಗಳಿಗೆ ಉತ್ತರ ಕೊಡಬಲ್ಲ ರೀತಿಯಲ್ಲಿಯೇ ಅದನ್ನು ರಚಿಸಿದರು. ಚಲಿಸುತ್ತಿರುವ ಕ್ಷುದ್ರಗ್ರಹಗಳಾವುವು, ಒಂದಕ್ಕೊಂದು ಅತಿ ಸಮೀಪದಲ್ಲಿದ್ದು ಒಂದೇ ಬಣ್ಣವನ್ನು ತೋರಿಸುವ ಕಾಯಗಳಾವುವು ಎಂಬಂಥವು ಆ ಪ್ರಶ್ನೆಗಳು. ಎರಡನೆಯದರ ಉತ್ತರದಿಂದ ಗುರುತ್ವದ ಮಸೂರಗಳು ಸಿಕ್ಕಬಹುದೆಂದು ಅವರ ಆಲೋಚನೆ. ಬಳಿಕ ಬಾಗಿಲನ್ನು ತೆರೆದು, ಪ್ರಪಂಚದ ಯಾವ ಮೂಲೆಯಿಂದಲಾದರೂ ಯಾರಾದರೂ ಎಸ್‌ಕ್ಯೂಎಲ್‌ನಲ್ಲಿ ತಮ್ಮ ಸ್ವಂತ ಪ್ರಶ್ನೆಯನ್ನು ಬರೆದು ಕಳುಹಿಸಲು ಅವಕಾಶವಿತ್ತರು. ಒಂದು ಪ್ರಶ್ನೆಗೆ 1,000 ಸಾಲುಗಳ ಉತ್ತರ ಅಥವಾ 30 ಸೆಕೆಂಡುಗಳ ಲೆಕ್ಕಾಚಾರ ಮಾತ್ರವೆಂಬ ಮಿತಿಯನ್ನು ಆರಂಭದಲ್ಲಿ ಸಾರ್ವಜನಿಕರಿಗೆ ಇಡಲಾಗಿತ್ತು. ಒಳಗೆ ಬಂದ ಒಂದೊಂದು ಪ್ರಶ್ನೆಯೂ ಲಾಗಿನಲ್ಲಿ ದಾಖಲಾಗುತ್ತಿತ್ತು.

ಲಾಗಿನ ಒಂದು ಸಾಲಿನಲ್ಲಿ ಏನಿರುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಪ್ರಶ್ನೆ ಬಂದ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು, ಕೇಳಿದ ಯಂತ್ರದ ಐಪಿ ವಿಳಾಸ, ಯಾವ ಸರ್ವರನ್ನು, ಅದರಲ್ಲಿ ಯಾವ ದತ್ತಾಂಶಕೋಶವನ್ನು ಕುರಿತು ಕೇಳಲಾಯಿತು, ಉತ್ತರಕ್ಕೆ ಹಿಡಿದ ಕಾಲ, ಉತ್ತರದಲ್ಲಿ ಬಂದ ಸಾಲುಗಳ ಸಂಖ್ಯೆ, ಪ್ರಶ್ನೆಯ ಪೂರ್ಣಪಾಠ, ತಪ್ಪಾಗಿದ್ದರೆ ತಪ್ಪಿನ ವಿವರಣೆ. ಉತ್ತರ ಮಾತ್ರ ಅಲ್ಲಿರುವುದಿಲ್ಲ. ಕಾಲ, ಸ್ಥಳ, ಪಾಠ ಇವು ಮೂರೂ ಸ್ಪಷ್ಟವಾಗಿರುವ ದಾಖಲೆಯನ್ನು ಶಾಸನಾಭ್ಯಾಸಿಯಾದವನು ಕಂಡರೆ ಅಸೂಯೆ ಪಡದಿರಲಾರನು. ನಾವು ಲಿಪಿಯ ತಲೆಕಟ್ಟನ್ನು ನೋಡಿ ಶತಮಾನವನ್ನು ಊಹಿಸುತ್ತೇವೆ. ಇಲ್ಲಿ ಸೆಕೆಂಡಿನ ಲೆಕ್ಕವಿದೆ!

ಮೊದಲ ಐದು ವರ್ಷಗಳ ಲಾಗನ್ನು ಗ್ರೇ, ಸಾಲಾಯ್ ಮತ್ತು ಅವರ ಸಹೋದ್ಯೋಗಿಗಳು ಪರಿಶೀಲಿಸಿ 2006ರ ಕೊನೆಯಲ್ಲಿ ಒಂದು ವರದಿಯನ್ನು ಹೊರತಂದರು. ಅದರ ಪ್ರಕಾರ 2001ರಿಂದ 2006ರ ವರೆಗೆ 10 ಲಕ್ಷ ಮಂದಿ ಸಂದರ್ಶಕರು 30 ಲಕ್ಷ ಬಾರಿ ಅಲ್ಲಿಗೆ ಬಂದು, 17 ಕೋಟಿ ಕೋರಿಕೆಗಳನ್ನು ಸಲ್ಲಿಸಿದ್ದರು. ಅವುಗಳಲ್ಲಿ ಜನರು ತಾವಾಗಿ ರಚಿಸಿ ಕಳುಹಿಸಿದ ಎಸ್‌ಕ್ಯೂಎಲ್ ಪ್ರಶ್ನೆಗಳ ಸಂಖ್ಯೆ 1 ಕೋಟಿ 60 ಲಕ್ಷ. ಶಿಕ್ಷಣಕ್ಕೆಂದು ಸಿದ್ಧಪಡಿಸಿದ್ದ ಪುಟಗಳಲ್ಲಿ ವಿದ್ಯಾರ್ಥಿಗಳು ಕಳೆದ ಕಾಲವು 50,000 ಗಂಟೆಗಳಿಗೆ ಸಮೀಪವಾಗಿತ್ತು. ಹೊಸ ಮಾಹಿತಿ ಪ್ರಕಟವಾದ ಮೇಲೆಯೂ ಹಳೆಯ ಮಾಹಿತಿಯ ಮೇಲಿನ ಪ್ರಶ್ನೆಗಳು ನಿಂತುಹೋಗಲಿಲ್ಲವೆಂಬುದು ವರದಿಯ ಇನ್ನೊಂದು ಅಂಶ. ಹೊಸ ಮುದ್ರಣ ಬಂದೊಡನೆ ಹಳೆಯದನ್ನು ಕಪಾಟಿನಿಂದ ಹೊರಹಾಕುವ ಗ್ರಂಥಪಾಲಕರು ಇದನ್ನು ಗಮನಿಸಬಹುದು.

ಈ ಅಂಕಿಗಳನ್ನು ಹಾಗೆಯೇ ಸ್ವೀಕರಿಸುವಂತಿಲ್ಲ. ಪ್ರಶ್ನೆ ಕೇಳಿದವರೆಲ್ಲರೂ ಮನುಷ್ಯರಲ್ಲ. ತಾವಾಗಿಯೇ ಪ್ರಶ್ನೆಗಳನ್ನು ಒಂದರ ಹಿಂದೆ ಒಂದರಂತೆ ಕಳುಹಿಸುವ ಕ್ರಮವಿಧಿಗಳು, ಎಂದರೆ ಬಾಟ್ ಎಂಬ ಯಂತ್ರಸಂದರ್ಶಕರು, ಲಾಗಿನ ತುಂಬ ಇವೆ. ವರದಿಯ ಕರ್ತೃಗಳು ಸಂದರ್ಶಕರನ್ನು ವಿಂಗಡಿಸುವಾಗ ಯಂತ್ರಕ್ಕೆ ಎದುರಾಗಿ ಮನುಷ್ಯನನ್ನು ಮರ್ತ್ಯನೆಂದು ಕರೆದಿದ್ದಾರೆ. ವಿನೋದಕ್ಕಾಗಿ ಬಳಸಿದ ಮಾತೇ ಇರಬಹುದು. ಆದರೆ ವಿಂಗಡಣೆಯ ಕಷ್ಟ ವಿನೋದದ್ದಲ್ಲ. ಪ್ರಶ್ನೆಗಳ ನಡುವಣ ಅಂತರ, ಅವುಗಳ ಏಕರೂಪತೆ, ಬಿಡುವಿಲ್ಲದೆ ನಡೆದ ಅವಧಿ ಮುಂತಾದ ಲಕ್ಷಣಗಳಿಂದ ಯಂತ್ರವನ್ನು ಊಹಿಸಬೇಕು. ಒಂದು ಐಪಿ ವಿಳಾಸದ ಹಿಂದೆ ಒಂದು ತರಗತಿಯ ವಿದ್ಯಾರ್ಥಿಗಳೆಲ್ಲರೂ ಇರಬಹುದು. ಒಬ್ಬನೇ ವಿಜ್ಞಾನಿ ಮನೆಯಿಂದ ಒಂದು, ಕಚೇರಿಯಿಂದ ಇನ್ನೊಂದು ವಿಳಾಸದಲ್ಲಿ ಕಾಣಿಸಿಕೊಳ್ಳಬಹುದು. ಅಲ್ಲದೆ, ಹೊಸಬರಿಗೆ ಸಹಾಯವಾಗಲೆಂದು ಮಾದರಿ ಪ್ರಶ್ನೆಗಳನ್ನು ಕೊಡಲಾಗಿತ್ತು. ಅವುಗಳನ್ನು ನಕಲುಮಾಡಿ ಕಳುಹಿಸಿದವನು ಕೇಳಿದನೇ, ಅಥವಾ ಕೇಳುವುದನ್ನು ಅಭ್ಯಾಸಮಾಡಿದನೇ? ಕೂಟಶಾಸನವನ್ನು ಬೇರ್ಪಡಿಸುವ ವಿವೇಚನೆ ಇಲ್ಲಿಯೂ ಅಗತ್ಯ.

ತಪ್ಪಾದ ಪ್ರಶ್ನೆಗಳ ವಿಷಯದಲ್ಲಿ ವರದಿಯ ಕರ್ತೃಗಳ ದೃಷ್ಟಿಗೂ ನನ್ನ ದೃಷ್ಟಿಗೂ ಭೇದವಿದೆ. ಸರಿಯಾದ ಪ್ರಶ್ನೆಗಳನ್ನೆಲ್ಲ ಒಟ್ಟುಗೂಡಿಸಿ, ಹೊಸದಾಗಿ ಪ್ರಶ್ನೆ ಬರೆಯುವವನಿಗೆ ಅವುಗಳಿಂದ ಸಲಹೆ ಕೊಡುವ ಒಂದು ಉಪಾಯವನ್ನು ಅವರು ಸೂಚಿಸಿದ್ದಾರೆ. ಯಂತ್ರಶಿಲ್ಪಿಗೆ ಅದು ಯುಕ್ತವೇ ಸರಿ. ಆದರೆ ಇತಿಹಾಸಕಾರನಿಗೆ ತಪ್ಪು ಪ್ರಶ್ನೆಯೇ ಹೆಚ್ಚು ಮಾತನಾಡುತ್ತದೆ. ಒಂದೇ ವಿಳಾಸದಿಂದ ಒಂದೇ ಪ್ರಶ್ನೆ ಸ್ವಲ್ಪ ಸ್ವಲ್ಪ ತಿದ್ದಿಕೊಂಡು ಏಳೆಂಟು ಸಲ ಬಂದಿದ್ದರೆ, ಮೊದಲ ಸಲ ಭಾಷೆಯ ತಪ್ಪು, ಎರಡನೆಯ ಸಲ ಕೋಷ್ಟಕದ ಹೆಸರಿನ ತಪ್ಪು, ಆಮೇಲೆ ಉತ್ತರ ಶೂನ್ಯ, ಆಮೇಲೆ ಮಿತಿಯನ್ನು ಸಡಿಲಿಸಿದ್ದಕ್ಕೆ ಉತ್ತರ ವಿಪರೀತ, ಕೊನೆಗೆ ಹತ್ತೋ ಹನ್ನೆರಡೋ ಸಾಲು ಎಂಬ ಕ್ರಮದಲ್ಲಿ ಒಂದು ಆಲೋಚನೆ ಬೆಳೆದುಬಂದ ದಾರಿ ಕಣ್ಣಿಗೆ ಬೀಳುತ್ತದೆ. ಪ್ರಕಟವಾದ ಸಂಶೋಧನ ಲೇಖನದಲ್ಲಿ ಕಾಣುವುದು ಕೊನೆಯ ಪ್ರಶ್ನೆಯೊಂದೇ. ಕವಿಯ ಕರಡುಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಸಂಪಾದಕರು ಆದರದಿಂದ ಅಚ್ಚುಮಾಡಿಸುತ್ತಾರಲ್ಲವೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ನಕ್ಷತ್ರಗಳನ್ನು ಕುರಿತ ಪ್ರಶ್ನೆಗಳ ಮಾತಾಯಿತು. ಅದೇ 2006ರ ಆಗಸ್ಟ್ ತಿಂಗಳಲ್ಲಿ ಎ.ಓ.ಎಲ್. ಎಂಬ ಅಮೆರಿಕನ್ ಸಂಸ್ಥೆಯು ತನ್ನ ಶೋಧಯಂತ್ರಕ್ಕೆ ಮೂರು ತಿಂಗಳಲ್ಲಿ ಬಂದಿದ್ದ ಪ್ರಶ್ನೆಗಳನ್ನು ವಿದ್ವಾಂಸರ ಉಪಯೋಗಕ್ಕೆಂದು ಪ್ರಕಟಿಸಿತು. ಪ್ರಶ್ನೆಗಳು ಸುಮಾರು 2 ಕೋಟಿ; ಕೇಳಿದವರು ಸುಮಾರು 6,50,000 ಮಂದಿ. ಹೆಸರುಗಳನ್ನು ತೆಗೆದು ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆಯನ್ನು ಕೊಡಲಾಗಿತ್ತು. ಆದರೆ ಒಬ್ಬರು ಕೇಳಿದ ಪ್ರಶ್ನೆಗಳೆಲ್ಲ ಒಂದೇ ಸಂಖ್ಯೆಯಡಿಯಲ್ಲಿ ಸಾಲಾಗಿ ಇದ್ದವು. ತನ್ನ ಊರಿನ ಕೆಲಸಗಾರರನ್ನು ವಿಚಾರಿಸುವುದು, ತನ್ನ ಮನೆತನದ ಹೆಸರನ್ನು ಹುಡುಕುವುದು, ತನ್ನ ಕಾಯಿಲೆಯ ಲಕ್ಷಣವನ್ನು ಕೇಳುವುದು ಇವೆಲ್ಲ ಒಂದೆಡೆ ಸೇರಿದಾಗ ಹೆಸರನ್ನು ಬರೆದು ತೋರಿಸಬೇಕಾಗಿಯೇ ಇರಲಿಲ್ಲ. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ ವ್ಯಕ್ತಿಯ ಮನೆಯನ್ನೇ ಹುಡುಕಿಕೊಂಡು ಹೋದರು. ಸಂಸ್ಥೆಯು ತಪ್ಪೊಪ್ಪಿಕೊಂಡು ಕಡತವನ್ನು ಹಿಂತೆಗೆದುಕೊಂಡಿತು. ಅದರ ಮುಖ್ಯ ತಾಂತ್ರಿಕ ಅಧಿಕಾರಿ ಹುದ್ದೆಯನ್ನು ಬಿಟ್ಟರು. ಆ ವೇಳೆಗೆ ಕಡತದ ಪ್ರತಿಗಳು ಎಲ್ಲೆಲ್ಲಿಯೋ ಹರಡಿಹೋಗಿದ್ದವು.

ಈ ಎರಡು ಲಾಗುಗಳಿಗೆ ರಚನೆಯಲ್ಲಿ ಹೆಚ್ಚಿನ ಅಂತರವಿಲ್ಲ. ಎರಡರಲ್ಲಿಯೂ ವೇಳೆ, ಕೇಳಿದವನ ಗುರುತು, ಪ್ರಶ್ನೆ ಇವೇ ಇವೆ. ಒಂದನ್ನು ವಿದ್ವತ್ತಿಗೆ ಸಂದ ಕೊಡುಗೆಯೆಂದೂ, ಇನ್ನೊಂದನ್ನು ಪ್ರಮಾದವೆಂದೂ ನಾವು ಹೇಳುವುದಕ್ಕೆ ಕಾರಣ ಪ್ರಶ್ನೆಯ ವಿಷಯದಲ್ಲಿದೆ. ಗೆಲಕ್ಸಿಯ ಕಾಂತಿಯನ್ನು ಕೇಳಿದವನು ಗೆಲಕ್ಸಿಯನ್ನು ತೋರಿಸುತ್ತಾನೆ, ಕಾಯಿಲೆಯ ಮದ್ದನ್ನು ಕೇಳಿದವನು ತನ್ನನ್ನೇ ತೋರಿಸಿಕೊಳ್ಳುತ್ತಾನೆ. ಆದರೂ ಮೊದಲನೆಯದು ಸಂಪೂರ್ಣವಾಗಿ ನಿರಪಾಯಕರವೆಂದು ಹೇಳಲಾರೆ. ಇನ್ನೂ ಪ್ರಕಟವಾಗದ ಒಂದು ಊಹೆಯನ್ನು ಹಿಡಿದು ಹೊರಟ ಸಂಶೋಧಕನ ಪ್ರಶ್ನೆಗಳನ್ನು ಪ್ರತಿಸ್ಪರ್ಧಿಯು ಓದಿಕೊಂಡರೆ, ಊಹೆ ಕೈತಪ್ಪಿಹೋಗುವ ಸಂಭವವಿಲ್ಲದಿಲ್ಲ.

ಹಾಗಾದರೆ ಉಳಿಸಬೇಕಾದುದೇನು? ಯಂತ್ರಶಿಲ್ಪಿಗಳು ಕಂಡುಕೊಂಡ ಒಂದು ಮಧ್ಯಮಮಾರ್ಗವಿದೆ. ಪೋಸ್ಟ್‌ಗ್ರೆಸ್ ವ್ಯವಸ್ಥೆಗೆ 2009ರಲ್ಲಿ ಸೇರಿದ ಒಂದು ಉಪಕರಣವು ಪ್ರಶ್ನೆಗಳ ಅಂಕಿಸಂಖ್ಯೆಗಳನ್ನು ಕೂಡಿಡುತ್ತದೆ. 2012ರಿಂದ ಅದು ಪ್ರಶ್ನೆಯಲ್ಲಿರುವ ನಿರ್ದಿಷ್ಟ ಬೆಲೆಗಳನ್ನು ಅಳಿಸಿ, ಅಲ್ಲಿ ಒಂದು ಗುರುತನ್ನು ಮಾತ್ರ ಇಟ್ಟು, ಒಂದೇ ಆಕಾರದ ಪ್ರಶ್ನೆಗಳನ್ನೆಲ್ಲ ಒಂದೇ ನಮೂದಾಗಿ ಮಾಡುತ್ತ ಬಂದಿದೆ. ಇಂಥ ಹೆಸರಿನ ರೋಗಿಯ ವಿವರ ಬೇಕು ಎಂದು ಸಾವಿರ ಬಾರಿ ಕೇಳಿದ್ದರೆ, ಸಾವಿರ ಬಾರಿ ಕೇಳಿದ್ದು ಉಳಿಯುತ್ತದೆ, ರೋಗಿಯ ಹೆಸರು ಉಳಿಯುವುದಿಲ್ಲ. ನಿರ್ವಾಹಕನ ಕೆಲಸಕ್ಕೆ ಇದು ಧಾರಾಳವಾಗಿ ಸಾಕು. ಇತಿಹಾಸಕಾರನಿಗೆ ಮಾತ್ರ ಇದು ದಾನಿಯ ಹೆಸರು, ಗ್ರಾಮದ ಹೆಸರು, ತಿಥಿ ಎಲ್ಲವನ್ನೂ ಕೆತ್ತಿಹಾಕಿದ ತಾಮ್ರಪಟದಂತೆ: ದಾನಶಾಸನವೆಂಬುದು ತಿಳಿಯುತ್ತದೆ, ಅಷ್ಟೇ.

ನಮ್ಮ ದೇಶದಲ್ಲಿ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಅಂಗಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸಂಸ್ಥೆಗಳು ತಮ್ಮ ಗಣಕವ್ಯವಸ್ಥೆಗಳ ಲಾಗುಗಳನ್ನು 180 ದಿನಗಳ ಕಾಲ ಕಾಪಾಡಬೇಕು. ಗಣಕಜಾಲದ ಅಪರಾಧಗಳ ತನಿಖೆ ಈ ನಿರ್ದೇಶನದ ಉದ್ದೇಶ. ಆ ಮೇಲೆ ಅವುಗಳ ಗತಿಯೇನೆಂಬುದು ಅದರ ವಿಚಾರಕ್ಕೆ ಸೇರಿದ್ದಲ್ಲ. ಹೆಚ್ಚಿನವು ಅಳಿದುಹೋಗುತ್ತವೆಂದು ಭಾವಿಸುವುದೇ ಸರಿ, ಅವುಗಳಲ್ಲಿ ಬಹುಪಾಲು ಅಳಿದುಹೋಗಬೇಕಾದವೂ ಹೌದು. ಆಸ್ಪತ್ರೆಯ, ಬ್ಯಾಂಕಿನ, ಪಡಿತರದ ದತ್ತಾಂಶಕೋಶಗಳ ಮುಂದೆ ನಿಂತು, ಮುಂದಿನ ಶತಮಾನದ ಸಂಶೋಧಕರಿಗೆ ಬೇಕಾಗಬಹುದು, ಎಲ್ಲವನ್ನೂ ಇಟ್ಟಿರಿ ಎಂದು ಹೇಳುವ ಅಧಿಕಾರ ನಮಗಿಲ್ಲ. ಕೇಳಿದವನಿಗೆ, ಅದಕ್ಕಿಂತ ಹೆಚ್ಚಾಗಿ ಯಾರನ್ನು ಕುರಿತು ಕೇಳಲಾಯಿತೋ ಅವನಿಗೆ, ಮರೆತುಹೋಗುವ ಹಕ್ಕೊಂದಿದೆ. ಆದರೆ ಸಾರ್ವಜನಿಕ ವಿದ್ಯಾಸಂಪತ್ತಿನ ಕೋಶಗಳು, ಅಂದರೆ ಗ್ರಂಥಸೂಚಿಗಳು, ಶಾಸನಸೂಚಿಗಳು, ಹಸ್ತಪ್ರತಿಗಳ ಯಾದಿಗಳು, ಆಕಾಶದ ಮತ್ತು ಭೂಮಿಯ ಮೋಜಣಿಗಳು, ಇವುಗಳ ವಿಷಯ ಬೇರೆ. ಇವುಗಳಲ್ಲಿ ಐಪಿ ವಿಳಾಸವನ್ನು ತೆಗೆದುಹಾಕಿ, ವೇಳೆಯನ್ನು ತಿಂಗಳಿಗೆ ಮೊಟಕುಮಾಡಿ, ಕೆಲವು ವರ್ಷಗಳ ತಡೆಯನ್ನಿಟ್ಟು, ಪ್ರಶ್ನೆಯ ಪಾಠವನ್ನು ಪೂರ್ಣವಾಗಿ ಉಳಿಸುವುದು ಸಾಧ್ಯ. ಒಂದೇ ಕೈಯ ಪ್ರಶ್ನೆಗಳನ್ನು ಜೋಡಿಸುವ ಎಳೆ ಇದರಿಂದ ಕಡಿದುಹೋಗುತ್ತದೆ, ಮೇಲೆ ನಾನು ಮೆಚ್ಚಿದ ತಿದ್ದುಪಾಟಿನ ಸರಣಿಯೂ ಅದರೊಡನೆ ಹೋಗುತ್ತದೆ. ಅಷ್ಟು ನಷ್ಟವನ್ನು ಒಪ್ಪಿಕೊಳ್ಳಲು ಸಿದ್ಧನಿದ್ದೇನೆ.

ಏನೂ ಉಳಿಯದಿದ್ದರೆ ಆಗುವ ನಷ್ಟದ ಅನುಭವ ನನಗೊಮ್ಮೆ ಆಗಿದೆ. ಸ್ನಾತಕೋತ್ತರ ಪದವಿಯ ಪ್ರಬಂಧವನ್ನು ಸಿದ್ಧಪಡಿಸುತ್ತಿದ್ದಾಗ, ಒಂದು ದಾಖಲೆ ಕಚೇರಿಯಲ್ಲಿ ಹಿಂದಿನ ತಲೆಮಾರಿನ ಸಂಶೋಧಕರು ಯಾವ ಯಾವ ಕಟ್ಟುಗಳನ್ನು ತರಿಸಿಕೊಂಡು ನೋಡಿದ್ದರೆಂದು ತಿಳಿಯಬಯಸಿ, ಹಳೆಯ ಬೇಡಿಕೆ ಚೀಟಿಗಳನ್ನು ಕೇಳಿದೆ. ಅವನ್ನು ವರ್ಷಕ್ಕೊಮ್ಮೆ ರದ್ದಿಗೆ ಹಾಕುವುದು ಪದ್ಧತಿಯೆಂದು ಅಲ್ಲಿನ ಗುಮಾಸ್ತರು ಸೌಜನ್ಯದಿಂದಲೇ ತಿಳಿಸಿದರು. ಯಾರೂ ಬಿಚ್ಚಿ ನೋಡದ ಕಟ್ಟುಗಳಾವುವೆಂಬುದನ್ನು ಧೂಳಿನ ದಪ್ಪದಿಂದ ಅಂದಾಜುಮಾಡಬೇಕಾಯಿತು.

ಇನ್ನೊಂದು ಅಂಶವನ್ನು ಹೇಳಬೇಕು. ಪ್ರಶ್ನೆಯೊಂದು ಅರ್ಥವಾಗಬೇಕಾದರೆ ಅದನ್ನು ಯಾವ ಭಂಡಾರಕ್ಕೆ ಕೇಳಿದರೋ ಆ ಭಂಡಾರವೂ ಆಗ ಇದ್ದ ಸ್ಥಿತಿಯಲ್ಲಿಯೇ ಉಳಿದಿರಬೇಕು. ಕೋಷ್ಟಕಗಳು ತಿದ್ದಿಹೋಗಿ, ಹೆಸರುಗಳು ಬದಲಾಗಿಹೋದರೆ ಲಾಗಿನ ಸಾಲು ಓದಬರದ ಲಿಪಿಯಂತಾಗುತ್ತದೆ. ಸ್ಲೋನ್ ಮೋಜಣಿಯವರು ತಮ್ಮ ಮಾಹಿತಿಯನ್ನು ಸಂಖ್ಯೆಯಿಟ್ಟ ಬಿಡುಗಡೆಗಳಾಗಿ ಹೊರತಂದು, ಹೊಸದು ಬಂದಾಗ ಹಳೆಯದನ್ನು ಅಳಿಸದೆ ಇಟ್ಟುಕೊಂಡು ಬರುವ ಪದ್ಧತಿಯನ್ನು ಅನುಸರಿಸಿದರು. ಲಾಗಿನ ಪ್ರತಿಯೊಂದು ಸಾಲಿನಲ್ಲಿಯೂ ಯಾವ ಕೋಶವನ್ನು ಕೇಳಲಾಯಿತೆಂಬ ನಮೂದು ಇರುವುದರಿಂದ, ಪ್ರಶ್ನೆಯನ್ನು ಅದರ ಬಿಡುಗಡೆಯೊಡನೆ ಜೋಡಿಸಬಹುದು.

ಮೇಲೆ ಹೇಳಿದ ವರದಿ ಹೊರಬಂದ ಸ್ವಲ್ಪ ಕಾಲದಲ್ಲಿಯೇ, 2007ರ ಜನವರಿ 28ರಂದು, ಗ್ರೇ ಅವರು ತಮ್ಮ ತಾಯಿಯ ಚಿತಾಭಸ್ಮವನ್ನು ಕಡಲಿನಲ್ಲಿ ವಿಸರ್ಜಿಸಲೆಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ತಮ್ಮ ಹಾಯಿದೋಣಿಯಲ್ಲಿ ಒಬ್ಬರೇ ಹೊರಟರು. ಉಪಗ್ರಹಗಳ ಚಿತ್ರಗಳನ್ನು ಸಾವಿರಾರು ಜನ ಸ್ವಯಂಸೇವಕರು ಜಾಲಾಡಿದರೂ ದೋಣಿಯಾಗಲಿ ಅವರಾಗಲಿ ಪತ್ತೆಯಾಗಲಿಲ್ಲ. ಸ್ಕೈಸರ್ವರಿಗೆ ಆ ದಿನವೂ, ಮರುದಿನವೂ ಪ್ರಶ್ನೆಗಳು ಬಂದಿರಬೇಕು. 2003ರಲ್ಲಿ ಹೊರಬಂದ ಮೊದಲನೆಯ ಬಿಡುಗಡೆಗೆ ಹಾಕಿದ ಪ್ರಶ್ನೆಯೊಂದನ್ನು ಲಾಗಿನಿಂದ ಎತ್ತಿಕೊಂಡು, ಅದೇ ಬಿಡುಗಡೆಗೆ ಅದೇ ಮಾತುಗಳಲ್ಲಿ ಮತ್ತೆ ಹಾಕಿದರೆ, ಅಂದು ಬಂದಷ್ಟೇ ಸಾಲುಗಳು ಇಂದೂ ಬರಬೇಕು. ಬಂದುವೇ ಇಲ್ಲವೇ ಎಂಬುದನ್ನು ಲಾಗಿನಲ್ಲಿ ಬರೆದಿಟ್ಟ ಸಂಖ್ಯೆಯೊಡನೆ ತಾಳೆನೋಡಬಹುದು.